ಚಿಕ್ಕೋಡಿ ಸೀಮೆಯಲ್ಲಿ ವಂಶಮಿಶ್ರಣವೂ ನಾಡತನವೂ

ಒಂದು ಸೀಮೆಯ ಜನರು ಯಾವ ನಾಡಿನವರೆಂಬುದನ್ನು ನಿರ್ಣಯಿಸಲು ಅವರ ವಂಶಮೂಲವನ್ನು ಪ್ರಮಾಣವಾಗಿ ಹಿಡಿಯುವ ವಾಡಿಕೆಯು ಪಂಡಿತರಲ್ಲಿಯೂ ಪಾಮರರಲ್ಲಿಯೂ ಉಂಟು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲ್ಲೂಕುಗಳ ವಿಷಯದಲ್ಲಿ ಈ ಪ್ರಮಾಣವನ್ನು ಕನ್ನಡಿಗರೂ ಮರಾಠಿಗರೂ ಸಮಾನವಾದ ಉತ್ಸಾಹದಿಂದ ಬಳಸಿಕೊಂಡಿದ್ದಾರೆ. ಇಲ್ಲಿಯ ಜನರು ಮೂಲತಃ ಕನ್ನಡಿಗರು, ಮರಾಠಿಯು ಮೇಲೆ ಬಿದ್ದ ಹೊದಿಕೆ ಎಂಬುದು ಒಂದು ಪಕ್ಷ. ಮೂಲತಃ ಮಹಾರಾಷ್ಟ್ರೀಯರು, ಕನ್ನಡವು ಅರಸೊತ್ತಿಗೆಯ ಫಲ ಎಂಬುದು ಇನ್ನೊಂದು ಪಕ್ಷ. ಶಾಸನಗಳನ್ನೂ ಮನೆಮಾತಿನ ಶಬ್ದಗಳನ್ನೂ ಹೆಣ್ಣು ಕೊಟ್ಟು ತರುವ ಪದ್ಧತಿಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಎರಡು ಪಕ್ಷಗಳೂ ನಿಲ್ಲುವುದಿಲ್ಲ.

ಮೊದಲು ಅರಸುಮನೆತನಗಳನ್ನು ನೋಡಬಹುದು. ಕ್ರಿಸ್ತಶಕದ 11, 12ನೆಯ ಶತಮಾನಗಳಲ್ಲಿ ಈ ಸೀಮೆಯು ಸವದತ್ತಿಯ ರಟ್ಟರ ಮತ್ತು ಕೊಲ್ಲಾಪುರದ ಶಿಲಾಹಾರರ ಆಳ್ವಿಕೆಗಳು ಕೂಡುವ ಸಂಧಿಯಲ್ಲಿದ್ದಿತು. ರಟ್ಟರು ತಮ್ಮನ್ನು ‘ಲತ್ತಲೂರ್ಪುರವರಾಧೀಶ್ವರ’ರೆಂದು ಹೇಳಿಕೊಂಡರು, ಶಿಲಾಹಾರರು ‘ತಗರಪುರವರಾಧೀಶ್ವರ’ರೆಂದರು. ಲತ್ತಲೂರು ಇಂದಿನ ಲಾತೂರು, ತಗರವು ಇಂದಿನ ತೇರ. ಎರಡೂ ಈಗ ಮಹಾರಾಷ್ಟ್ರ ರಾಜ್ಯದಲ್ಲಿವೆ. ಇಷ್ಟನ್ನೇ ಹಿಡಿದು ಇವರು ಕನ್ನಡಿಗರಲ್ಲವೆನ್ನುವಂತಿಲ್ಲ. ಶಿಲಾಹಾರ ಗಂಡರಾದಿತ್ಯನ ಮನೆತನದ ಬಿರುದುಗಳಲ್ಲಿ ‘ರೂಪನಾರಾಯಣ’, ‘ಕಲಿಯುಗವಿಕ್ರಮಾದಿತ್ಯ’ ಎಂಬ ಸಂಸ್ಕೃತದ ಬಿರುದುಗಳ ಪಕ್ಕದಲ್ಲಿಯೇ ‘ಅಯ್ಯನ ಸಿಂಗ’ ಎಂಬ ಅಚ್ಚಗನ್ನಡದ ಬಿರುದು ನಿಂತಿದೆ. ತಂದೆಯನ್ನು ‘ಅಯ್ಯ’ನೆಂದು ಕರೆಯುವ ಮನೆಯಲ್ಲಿ ಮಾತ್ರ ಹುಟ್ಟಬಹುದಾದ ಬಿರುದು ಇದು, ಆಸ್ಥಾನದ ಕವಿಯು ಅಲಂಕಾರಕ್ಕಾಗಿ ಹೊಂದಿಸಿದುದಲ್ಲ. ಮಹಾರಾಷ್ಟ್ರವೆಂಬ ಹೆಸರಿನ ಇಂದಿನ ಎಲ್ಲೆಯನ್ನು ಅಂದಿನ ಜನರ ತಲೆಗೆ ಕಟ್ಟುವುದರಿಂದಲೇ ಈ ಗೊಂದಲವು ಹುಟ್ಟುತ್ತದೆ. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ್ದಿತೆಂದು ಕವಿರಾಜಮಾರ್ಗಕಾರನು 9ನೆಯ ಶತಮಾನದಲ್ಲಿ ಹೇಳಿರುವುದು ಎಲ್ಲರೂ ಬಲ್ಲ ಮಾತು.

ಈ ಆಧಾರಗಳನ್ನೇ ಬೆಳೆಸಿ, ಮಹಾರಾಷ್ಟ್ರದ ಜನಪದದ ತಳದಲ್ಲಿಯೇ ಕನ್ನಡವಿದೆಯೆಂದು ಪ್ರತಿಪಾದಿಸಿದವರು ಶಂ. ಬಾ. ಜೋಶಿಯವರು. 1933ರಲ್ಲಿ ಹೊರಬಂದ ‘ಕಣ್ಮರೆಯಾದ ಕನ್ನಡ’ವು ಸ್ಥಳನಾಮಗಳ ವಿಚಾರದಲ್ಲಿ ತೋರಿಸಿದ ದಾರಿಯು ಇಂದಿಗೂ ಉಪಯುಕ್ತವಾದುದು. ಆದರೆ ಸ್ಥಳನಾಮವು ಊರನ್ನು ಮೊದಲು ಹೆಸರಿಸಿದವರ ಮಾತನ್ನು ತಿಳಿಸುವುದೇ ಹೊರತು ಇಂದು ಅಲ್ಲಿ ಒಕ್ಕಲಾಗಿರುವವರ ರಕ್ತವನ್ನು ತಿಳಿಸುವುದಿಲ್ಲ. ಬೇಡಕಿಹಾಳವೂ ಶಮನೇವಾಡಿಯೂ ಒಂದಕ್ಕೊಂದು ಹೊಂದಿದ ಊರುಗಳು. ಒಂದರ ಕೊನೆಯಲ್ಲಿ ಕನ್ನಡದ ‘ಹಾಳ’, ಇನ್ನೊಂದರ ಕೊನೆಯಲ್ಲಿ ಮರಾಠಿಯ ‘ವಾಡಿ’. ನಡುವೆ ಎರಡು ಕುಲಗಳ ಗಡಿಗೆರೆಯನ್ನು ಎಳೆಯಹೊರಟರೆ ಅದು ಬರಿಯ ಕಲ್ಪನೆಯಾದೀತು.

ವ್ಯಕ್ತಿನಾಮಗಳಲ್ಲಿ ಈ ಬೆರಕೆಯು ಇನ್ನೂ ಸ್ಪಷ್ಟವಾಗಿದೆ. ದಿಗಂಬರ ಜೈನರ ಆಚಾರ್ಯ ಶಾಂತಿಸಾಗರರು (1872–1955) ನಿಪ್ಪಾಣಿಗೆ ಸಮೀಪದ ಭೋಜ ಗ್ರಾಮದ ಮನೆತನದವರು. ಅವರ ಪೂರ್ವಾಶ್ರಮದ ಹೆಸರು ಸಾತಗೌಡ ಪಾಟೀಲ. ಗೌಡನೆಂದರೆ ಕನ್ನಡ ಶಾಸನಗಳ ಗಾವುಂಡ, ಊರೊಡೆಯ. ಪಾಟೀಲನೆಂದರೆ ಸಂಸ್ಕೃತ ಶಾಸನಗಳ ಪಟ್ಟಕಿಲ, ಅವನೂ ಊರೊಡೆಯನೇ. ಒಂದೇ ಅಧಿಕಾರವು ಎರಡು ಭಾಷೆಗಳಲ್ಲಿ ಒಂದೇ ಹೆಸರಿನೊಳಗೆ ಎರಡು ಸಲ ಬಂದಿದೆ. ಇದರ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಊರಿನ ಜನರು ಗೌಡನೆಂದು ಕರೆದರು. ಆದಿಲಶಾಹಿಯಿಂದ ಪೇಶವೆಯವರೆಗೆ ಮರಾಠಿಯಲ್ಲಿ ನಡೆದ ಕಂದಾಯದ ದಫ್ತರವು ಪಾಟೀಲನೆಂದು ಬರೆಯಿತು. ದೇಸಾಯಿ, ದೇಶಪಾಂಡೆ, ಕುಲಕರ್ಣಿ ಎಂಬ ಅಡ್ಡಹೆಸರುಗಳ ಸಂಗತಿಯೂ ಇದೇ. ಅವು ವೃತ್ತಿಯ ಹೆಸರುಗಳು, ವಂಶದ ಹೆಸರುಗಳಲ್ಲ. ಅಡ್ಡಹೆಸರನ್ನು ನೋಡಿ ಮರಾಠಿಗನೆಂದೂ ‘ಅಪ್ಪ’ ‘ಗೌಡ’ಗಳನ್ನು ನೋಡಿ ಕನ್ನಡಿಗನೆಂದೂ ಎಣಿಸುವವರು ಒಬ್ಬನೇ ಮನುಷ್ಯನನ್ನು ಎರಡು ನಾಡುಗಳ ಲೆಕ್ಕದಲ್ಲಿ ಬರೆದಂತಾಗುತ್ತದೆ.

ಸಂತೆಯ ಶಬ್ದಗಳು ಸಂತೆಯಲ್ಲಿಯೇ ಭಾಷೆಯಿಂದ ಭಾಷೆಗೆ ದಾಟುತ್ತವೆ. ಅದಕ್ಕೆ ನಂಟಸ್ತಿಕೆ ಬೇಕಿಲ್ಲ. ಸಂಬಂಧವಾಚಕಗಳಾದರೋ ಅಡಿಗೆಮನೆಯವರೆಗೆ ಹೋದ ಹೊರತು ದಾಟುವುದು ಕಷ್ಟ. ಮರಾಠಿಯಲ್ಲಿ ಅಣ್ಣಾ, ಅಕ್ಕಾ, ಅಪ್ಪಾ ಎಂಬವು ನೆಲೆನಿಂತಿವೆ. ಚಿಕ್ಕೋಡಿ, ಅಥಣಿಗಳ ಕನ್ನಡದಲ್ಲಿ ತಂದೆಯ ತಮ್ಮನು ಕಾಕಾ, ತಾಯಿಯ ತಂಗಿಯು ಮಾವಶಿ, ಅಣ್ಣನ ಹೆಂಡತಿಯು ವೈನಿ. ‘ಆಯಿ’ ಎಂದರೆ ಮರಾಠಿಗನಿಗೆ ತಾಯಿ. ಇತ್ತಣ ಅನೇಕ ಕನ್ನಡ ಮನೆಗಳಲ್ಲಿ ಅಜ್ಜಿ. ಒಂದು ಮನೆಯಲ್ಲಿ ಎರಡು ತಲೆಮಾರುಗಳು ಎರಡು ಮಾತುಗಳನ್ನಾಡುತ್ತಿದ್ದರೆ ಇಂಥ ಪಲ್ಲಟವಾಗುವುದು ಸಹಜವೇ.

ಹಾಗಾದರೆ ಈ ಮನೆಗಳು ಕೂಡಿದ್ದು ಹೇಗೆ? ಇಲ್ಲಿ ವಿವಾಹವು ಭಾಷೆಯನ್ನು ನೋಡಿ ನಡೆದುದಲ್ಲ, ಜಾತಿಮತಗಳನ್ನು ನೋಡಿ ನಡೆದುದು. ಚತುರ್ಥ ಜೈನರೂ ಲಿಂಗವಂತರೂ ಕೃಷ್ಣೆಯ ಎರಡು ದಡಗಳಲ್ಲಿಯೂ, ಸಾಂಗಲಿ ಕೊಲ್ಲಾಪುರಗಳವರೆಗೂ ಹರಡಿದ್ದಾರೆ. ಅಥಣಿಯ ಮಗಳನ್ನು ಮಿರಜಿನ ಕಡೆಗೆ ಕೊಡುವಾಗ ಮನೆತನವನ್ನು ವಿಚಾರಿಸಿದರೇ ಹೊರತು ಮನೆಮಾತು ಅಡ್ಡಬರಲಿಲ್ಲ. ಧರ್ಮಶಾಸ್ತ್ರವು ನಿಂದಿಸುವ ಸಂಕರವು ಇದಲ್ಲ. ಜಾತಿಯಲ್ಲಿ ಬೆರೆಯದೆ ಭಾಷೆಯಲ್ಲಿ ಬೆರೆತ ವಂಶಗಳಿವು. ಶಾಸ್ತ್ರಕಾರರು ಇಂಥ ಮಿಶ್ರಣಕ್ಕೆ ಹೆಸರನ್ನೇ ಇಡಲಿಲ್ಲ, ಏಕೆಂದರೆ ಅದನ್ನು ಅವರು ದೋಷವೆಂದು ಎಣಿಸಿರಲಿಲ್ಲ. ಇರಾವತಿ ಕರ್ವೆಯವರು ಭಾರತದ ಬಂಧುತ್ವವ್ಯವಸ್ಥೆಯನ್ನು ಕುರಿತ 1953ರ ಗ್ರಂಥದಲ್ಲಿ ಮಹಾರಾಷ್ಟ್ರವನ್ನು ಔತ್ತರೇಯ ದಾಕ್ಷಿಣಾತ್ಯ ಪದ್ಧತಿಗಳು ಕೂಡುವ ನೆಲವೆಂದು ಗುರುತಿಸಿದರು. ಸೋದರಮಾವನ ಮಗಳನ್ನು ತರುವುದು ಮರಾಠರಿಗೂ ಸಮ್ಮತ. ಅಕ್ಕನ ಮಗಳನ್ನು ತರುವುದು ಕನ್ನಡಿಗರಲ್ಲಿ ರೂಢ, ಮರಾಠರಲ್ಲಿ ಅಲ್ಲ. ಗೆರೆಯಿದ್ದರೆ ಇಲ್ಲಿ ಇದೆ. ಆದರೆ ಅದು ರಾಜ್ಯದ ಗಡಿಯ ಮೇಲೆ ಹಾಯುವುದಿಲ್ಲ.

ಎಲ್ಲ ಜಾತಿಗಳಲ್ಲಿಯೂ ಹೀಗೆಯೇ ನಡೆಯಿತೆನ್ನುವುದೂ ತಪ್ಪು. ಸಾಂಗಲಿ ಜಿಲ್ಲೆಯಲ್ಲಿ ಕುಪ್ವಾರವೆಂದು ಕರೆದ ಒಂದು ಗ್ರಾಮದ ಮಾತನ್ನು ಪರೀಕ್ಷಿಸಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಕಟಿಸಿದ ಲೇಖನವು ಪ್ರಸಿದ್ಧವಾಗಿದೆ. ಅಲ್ಲಿಯ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆಯು ಎಷ್ಟು ಒಂದಾಗಿದೆಯೆಂದರೆ, ಒಂದರ ಪದಕ್ಕೆ ಇನ್ನೊಂದರ ಪದವನ್ನಿಟ್ಟರೆ ಅನುವಾದವೇ ಮುಗಿಯುತ್ತದೆ. ಆದರೂ ಜೈನರ ಮನೆಯಲ್ಲಿ ಕನ್ನಡವೂ ಮುಸಲ್ಮಾನರ ಮನೆಯಲ್ಲಿ ಉರ್ದುವೂ ಕೆಡದೆ ಉಳಿದಿವೆ. ರಕ್ತವು ಬೆರೆಯದ ಕಡೆ ವ್ಯಾಕರಣವು ಬೆರೆಯಿತು, ರಕ್ತವು ಬೆರೆತ ಕಡೆ ಮನೆಮಾತೇ ಬದಲಾಯಿತು. ವಂಶದಿಂದ ಭಾಷೆಯನ್ನಾಗಲಿ ಭಾಷೆಯಿಂದ ವಂಶವನ್ನಾಗಲಿ ಅನುಮಾನಿಸುವ ಹೇತುವು ವ್ಯಭಿಚಾರಿಯೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ಮಿಶ್ರವಂಶವನ್ನು ಮುಚ್ಚಿಡದೆ ನಾಡಿನ ಮೂಲವೆಂದೇ ಮೆರೆಸಿದವರೂ ಇದ್ದಾರೆ. ಚಂಪಾದೇಶದ ಮಿಸೋನದಲ್ಲಿ ದೊರೆತ ಕ್ರಿ.ಶ. 658ರ ಸಂಸ್ಕೃತ ಶಾಸನವು ಕಂಬುಜದ ಅರಸರ ಮೂಲವನ್ನು ಹೇಳುವಾಗ, ಕೌಂಡಿನ್ಯನೆಂಬ ಬ್ರಾಹ್ಮಣನು ಅಶ್ವತ್ಥಾಮನಿಂದ ಪಡೆದ ಶೂಲವನ್ನು ನೆಟ್ಟು ನಾಗರಾಜನ ಮಗಳಾದ ಸೋಮೆಯನ್ನು ವರಿಸಿದನೆನ್ನುತ್ತದೆ. ಹೊರಗಿನಿಂದ ಬಂದ ತಂದೆ, ನೆಲದ ತಾಯಿ. ಸಂತಾನವು ಖ್ಮೇರ ನಾಡಿನ ರಾಜವಂಶ. ಮುಂದೆ ಚೀನದಿಂದ ಬಂದು ನೆಲಸಿದವರ ಮಕ್ಕಳೂ ಖ್ಮೇರ ಮಾತನ್ನಾಡಿ ಅಲ್ಲಿಯ ಆಚಾರವನ್ನು ಹಿಡಿದಾಗ ಖ್ಮೇರರೆಂದೇ ಎನಿಸಿಕೊಂಡರು.

ಕೃಷ್ಣಾತೀರದಲ್ಲಿ ಇಂಥ ಉದಾರವಾದ ಗಣನೆಗೆ ಅಡ್ಡಬಂದುದು ಜನಗಣತಿಯ ಕೋಷ್ಟಕ. 1881ರಲ್ಲಿ ಬೆಳಗಾವಿ ಜಿಲ್ಲೆಯ 8,64,014 ಜನರಲ್ಲಿ 5,56,397 ಜನರು ಕನ್ನಡದವರೆಂದೂ 2,25,008 ಜನರು ಮರಾಠಿಯವರೆಂದೂ ಬರೆಯಲ್ಪಟ್ಟರು. ಅಂದು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದ ರಾಯಬಾಗವು ಈ ಲೆಕ್ಕದ ಹೊರಗೆ ಉಳಿಯಿತು. ಒಬ್ಬನಿಗೆ ಒಂದೇ ಮಾತೃಭಾಷೆಯೆಂಬುದು ಕೋಷ್ಟಕದ ನಿಯಮ. ತಾಯಿಯ ಮಾತು ಒಂದು, ತಂದೆಯ ಮಾತು ಇನ್ನೊಂದಾದ ಮನೆಗೆ ಅದರಲ್ಲಿ ಎಡೆಯಿರಲಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯೂ ಆಮೇಲಿನ ಗಡಿವಿವಾದವೂ ಇಂಥ ಅಂಕೆಗಳನ್ನೇ ನೆಚ್ಚಿದವು. ಮಹಾಜನ ಆಯೋಗವು 1967ರಲ್ಲಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೂ ಅಕ್ಕಲಕೋಟೆಯನ್ನು ಮೈಸೂರು ರಾಜ್ಯಕ್ಕೂ ಸೇರಿಸಬಹುದೆಂದು ವರದಿಯಿತ್ತಿತು, ಯಾವುದೂ ನಡೆಯಲಿಲ್ಲ. ಚಿಕ್ಕೋಡಿ ತಾಲ್ಲೂಕಿನ ಸದಲಗದಲ್ಲಿ 1906ರಲ್ಲಿ ಹುಟ್ಟಿ, ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಬಹುಕಾಲ ಪ್ರಾಕೃತವನ್ನು ಬೋಧಿಸಿದ ಆ. ನೇ. ಉಪಾಧ್ಯೆಯವರು ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದುದು ಅದೇ ವರ್ಷ.