1780ರಲ್ಲೇ ನಿಂತ ನಾಣ್ಯ

ಆಸ್ಟ್ರಿಯಾದ ಸಾಮ್ರಾಜ್ಞಿ ಮರಿಯಾ ತೆರೇಸಾ ತೀರಿಕೊಂಡದ್ದು 1780ರ ನವೆಂಬರ್ 29ರಂದು. ಆಕೆಯ ಮುಖ ಹೊತ್ತ ‘ಥಾಲರ್’ ಎಂಬ ದೊಡ್ಡ ಬೆಳ್ಳಿ ನಾಣ್ಯ ಮಾತ್ರ ವಿಯೆನ್ನಾದ ಟಂಕಸಾಲೆಯಲ್ಲಿ ಇಂದಿಗೂ ಅಚ್ಚಾಗುತ್ತಿದೆ. ಅದೇ ಮುಖ, ಅದೇ ತೂಕ, ಅದೇ 1780ರ ಇಸವಿ. ಹಳೆಯ ವ್ಯಾಪಾರಿ ನಾಣ್ಯಗಳ ಮಾದರಿಯ ಬೆಳ್ಳಿ ಪದಕಗಳನ್ನು ಕೂಡಿಡಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಇನ್ನೊಂದಿಲ್ಲ.

ಥಾಲರ್‌ನ ಅಡ್ಡಳತೆ ಸುಮಾರು 40 ಮಿಲಿಮೀಟರ್, ತೂಕ 28.07 ಗ್ರಾಂ. ಸಾವಿರಕ್ಕೆ 833 ಪಾಲು ಬೆಳ್ಳಿ, ಅಂದರೆ 23.39 ಗ್ರಾಂ ಅಪ್ಪಟ ಬೆಳ್ಳಿ ಅದರಲ್ಲಿದೆ. ಒಂದು ಬದಿಯಲ್ಲಿ ವಿಧವೆಯ ಮುಸುಕು ಹೊದ್ದ ತುಂಬುಮೈಯ ಸಾಮ್ರಾಜ್ಞಿ, ಭುಜದ ಮೇಲೆ ಮುತ್ತು ಕೂಡಿಸಿದ ಪದಕಸೂಜಿ. ಇನ್ನೊಂದು ಬದಿಯಲ್ಲಿ ಎರಡು ತಲೆಯ ಹದ್ದು. ಅಂಚನ್ನು ಬೆರಳಿನಿಂದ ಸವರಿದರೆ ಅಕ್ಷರಗಳು ತಗಲುತ್ತವೆ. ನ್ಯಾಯ ಮತ್ತು ದಯೆ ಎಂಬ ಆಕೆಯ ಧ್ಯೇಯವನ್ನು ಲ್ಯಾಟಿನ್‌ನಲ್ಲಿ ಅಲ್ಲಿ ಬರೆದಿದೆ. ಅದು ಅಲಂಕಾರಕ್ಕಷ್ಟೇ ಇದ್ದದ್ದಲ್ಲ. ಅಂಚು ಕೆರೆದು ಬೆಳ್ಳಿ ಕದ್ದರೆ ಅಕ್ಷರಗಳೂ ಅಳಿಸಿಹೋಗಿ ಕಳ್ಳತನ ಬಯಲಾಗುತ್ತಿತ್ತು.

ಈ ನಾಣ್ಯ ಹೆಚ್ಚು ಓಡಾಡಿದ್ದು ತನ್ನ ನಾಡಿನಿಂದ ದೂರದಲ್ಲಿ. ಬಾಬಾ ಬುಡನ್ ಕಾಫಿ ಬೀಜ ತಂದರೆಂದು ನಮ್ಮವರು ಹೇಳುವ ಯೆಮನ್ ನಾಡಿನಲ್ಲಿ, ಕೆಂಪು ಸಮುದ್ರದ ಆಚೆಯ ಇಥಿಯೋಪಿಯಾದಲ್ಲಿ ಕಾಫಿ ಮಾರುವವರು ಥಾಲರನ್ನೇ ಕೇಳುತ್ತಿದ್ದರು. ಇಥಿಯೋಪಿಯಾದ ಸಂತೆಗಳಲ್ಲಿ ಚಿಲ್ಲರೆಗೆ ಉಪ್ಪಿನ ಗಟ್ಟಿ ನಡೆದರೆ, ದೊಡ್ಡ ವ್ಯವಹಾರಕ್ಕೆ ಥಾಲರ್ ಬೇಕಿತ್ತು. ಲ್ಯಾಟಿನ್ ಓದಲು ಬಾರದ ವ್ಯಾಪಾರಿ ಚಿತ್ರವನ್ನೇ ಓದುತ್ತಿದ್ದ. ಸೂಜಿಯ ಮುತ್ತುಗಳನ್ನು ಎಣಿಸುತ್ತಿದ್ದ. ಲೆಕ್ಕ ತಪ್ಪಿದರೆ, ಮುಖ ಸವೆದಿದ್ದರೆ ನಾಣ್ಯ ವಾಪಸು. ಹೀಗಿರುವಾಗ ಹೊಸ ದೊರೆಯ ಮುಖವನ್ನೋ ಹೊಸ ಇಸವಿಯನ್ನೋ ಹಾಕಿದರೆ ಕೊಳ್ಳುವವರಿರಲಿಲ್ಲ. ಆದ್ದರಿಂದಲೇ ಇಸವಿ 1780ರಲ್ಲೇ ನಿಂತಿತು.

1858ರಲ್ಲಿ ಆಸ್ಟ್ರಿಯಾ ಥಾಲರ್‌ನ ಕಾನೂನುಬದ್ಧ ಚಲಾವಣೆಯನ್ನು ನಿಲ್ಲಿಸಿತು. ಅಲ್ಲಿಂದಾಚೆಗೆ ತವರಿನಲ್ಲಿ ಅದಕ್ಕೆ ಮುಖಬೆಲೆ ಇಲ್ಲ; ಇರುವುದು ಬೆಳ್ಳಿಯ ಬೆಲೆ ಮತ್ತು ಚಿತ್ರದ ಮೇಲಿನ ನಂಬಿಕೆ. ಇಂದು ಪದಕ ಎಂದು ಕರೆಯುವುದೂ ಇಂಥದ್ದನ್ನೇ. ಆದರೆ ಈ ಪದಕ ಪರದೇಶದಲ್ಲಿ ನೂರು ವರ್ಷ ಹಣವಾಗಿ ದುಡಿಯಿತು.

ಎಷ್ಟರ ಮಟ್ಟಿಗೆ ಎಂದರೆ, 1867-68ರಲ್ಲಿ ಬ್ರಿಟಿಷ್ ಸೇನಾಪತಿ ರಾಬರ್ಟ್ ನೇಪಿಯರ್ ಮುಂಬೈಯಿಂದ ಅಬಿಸೀನಿಯಾದ, ಅಂದರೆ ಇಥಿಯೋಪಿಯಾದ, ಮೇಲೆ ದಂಡೆತ್ತಿ ಹೋದಾಗ, ಮೇವು, ಧಾನ್ಯ, ಸಾಗಣೆಯ ಖರ್ಚಿಗಾಗಿ 40 ಲಕ್ಷಕ್ಕೂ ಹೆಚ್ಚು ಥಾಲರ್‌ಗಳನ್ನು ಹೊಂದಿಸಬೇಕಾಯಿತು. ಮುಂದೆ ಚಕ್ರವರ್ತಿ ಎರಡನೆಯ ಮೆನೆಲಿಕ್ ತನ್ನದೇ ಮುಖದ ಬೆಳ್ಳಿ ನಾಣ್ಯ ಹೊರಡಿಸಿದರೂ ಜನ ಥಾಲರನ್ನು ಕೈಬಿಡಲಿಲ್ಲ. 1935ರಲ್ಲಿ ಇಥಿಯೋಪಿಯಾದ ಮೇಲೆ ಕಣ್ಣಿಟ್ಟ ಮುಸೊಲಿನಿ ಆಸ್ಟ್ರಿಯಾದಿಂದ ಅಚ್ಚುಗಳನ್ನು ಪಡೆದು ರೋಮ್‌ನಲ್ಲಿ ಟಂಕಿಸತೊಡಗಿದ. ಅದಕ್ಕೆ ಎದುರಾಗಿ ಲಂಡನ್ನಿನಲ್ಲೂ ಆ ಕೆಲಸ ಶುರುವಾಯಿತು. ಎರಡನೇ ಮಹಾಯುದ್ಧ ಬಂದಾಗ, 1940ರಿಂದ, ಮುಂಬೈ ಟಂಕಸಾಲೆಯ ಯಂತ್ರಗಳೂ ಮರಿಯಾ ತೆರೇಸಾಳ ಮುಖವನ್ನು ಒತ್ತಿದವು.

ಮುಂಬೈಗೆ ಇಂಥ ಕೆಲಸ ಹೊಸದಾಗಿರಲಿಲ್ಲ. ಹಾಂಗ್‌ಕಾಂಗ್‌ನಲ್ಲಿ 1866ರಲ್ಲಿ ತೆರೆದ ಟಂಕಸಾಲೆ ಎರಡೇ ವರ್ಷಕ್ಕೆ ಮುಚ್ಚಿ, ಅದರ ಯಂತ್ರಗಳು ಜಪಾನಿನ ಪಾಲಾಗಿದ್ದವು. ಪೂರ್ವದ ಬಂದರುಗಳಿಗೆ ಬೇಕಾದ ಬ್ರಿಟಿಷ್ ವ್ಯಾಪಾರಿ ಡಾಲರ್ 1895ರಿಂದ ಮುಖ್ಯವಾಗಿ ಮುಂಬೈಯಲ್ಲೇ ತಯಾರಾಯಿತು. 26.95 ಗ್ರಾಂ ತೂಕ, ಸಾವಿರಕ್ಕೆ 900 ಪಾಲು ಬೆಳ್ಳಿ. ಒಂದು ಬದಿಯಲ್ಲಿ ತ್ರಿಶೂಲ ಹಿಡಿದು ನಿಂತ, ಬ್ರಿಟನ್ನಿನ ಪ್ರತೀಕವಾದ ಬ್ರಿಟಾನಿಯಾ, ಇನ್ನೊಂದರಲ್ಲಿ ಚೀನೀ ಲಿಪಿಯಲ್ಲೂ ಮಲಯ್ ಭಾಷೆಯಲ್ಲೂ ಬರೆದ ಬೆಲೆ. ತ್ರಿಶೂಲದ ನಡುವಿನ ಮೊನೆಯನ್ನು ಭೂತಕನ್ನಡಿಯಲ್ಲಿ ನೋಡಿದರೆ ಪುಟಾಣಿ ‘ಬಿ’ ಅಕ್ಷರ ಕಾಣುತ್ತದೆ. ಅದೇ ಮುಂಬೈ ಗುರುತು. ಚೀನಾದ ಚಿನಿವಾರರು ಬೆಳ್ಳಿಯನ್ನು ಪರೀಕ್ಷಿಸಿ ಒತ್ತಿದ ಮುದ್ರೆಗಳೂ ಎಷ್ಟೋ ಡಾಲರ್‌ಗಳ ಮೇಲಿವೆ. 1935ರಲ್ಲಿ ಇದರ ಟಂಕಣೆ ನಿಂತಿತು. ಆ ಕೊನೆಯ ವರ್ಷದ ನಾಣ್ಯಗಳು ಬಹುಪಾಲು ಕರಗಿಹೋಗಿ, ಉಳಿದವು ದುರ್ಲಭವಾಗಿವೆ.

ಇಂಥ ನಾಣ್ಯಗಳ ವಿನ್ಯಾಸಗಳೇ ಈಗ ಪದಕಗಳಾಗಿ ಮರಳಿ ಬರುತ್ತಿವೆ. ಹೊಸ ಪದಕ ಸಾಮಾನ್ಯವಾಗಿ ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ ತೂಗುತ್ತದೆ. ಬೆಳ್ಳಿ 999 ಶುದ್ಧ. ಮೂಲ ನಾಣ್ಯದ ತೂಕ ಗೊತ್ತಿದ್ದವರಿಗೆ ಒಂದು ಚಿಕ್ಕ ತಕ್ಕಡಿ ಸಾಕು, ಎರಡರ ವ್ಯತ್ಯಾಸ ತಿಳಿಯುತ್ತದೆ. ಅಪಾಯವಿರುವುದು ಪದಕದಲ್ಲಲ್ಲ, ಹಳೆಯದೆಂದು ನಂಬಿಸುವ ಅಗ್ಗದ ಲೋಹದ ನಕಲಿಗಳಲ್ಲಿ. ಅಮೆರಿಕದ 1973ರ ಕಾನೂನು ನಾಣ್ಯದ ಪ್ರತಿಕೃತಿಗಳ ಮೇಲೆ ‘ಕಾಪಿ’ ಎಂದು ಅಚ್ಚೊತ್ತುವುದನ್ನು ಕಡ್ಡಾಯ ಮಾಡಿದ್ದು ಇದೇ ಕಾರಣಕ್ಕೆ.

ಪದಕದ ಜೊತೆ ಬರುವ ಕಾರ್ಡನ್ನೂ ಸಂಗ್ರಾಹಕರು ಪದಕದಷ್ಟೇ ಶ್ರದ್ಧೆಯಿಂದ ಓದಬೇಕು. ಮೂಲ ನಾಣ್ಯ ಎಲ್ಲಿ ಹುಟ್ಟಿತು, ಎಷ್ಟು ತೂಗುತ್ತಿತ್ತು, ಯಾವ ಬಂದರಿನಲ್ಲಿ ಯಾವ ಸರಕಿಗೆ ಬದಲಾಯಿತು ಎಂಬುದು ಅದರಲ್ಲಿರಬೇಕು. ಬ್ರಿಟಾನಿಯಾ ಪದಕ ಮಾರುವವರು ಕಾರ್ಡಿನ ಮೇಲೆ ಮುಂಬೈ ಟಂಕಸಾಲೆಯ ಹೆಸರನ್ನು ಬರೆಯದಿದ್ದರೆ, ಕೊಳ್ಳುವವರು ಕೇಳಿಯೇ ಬರೆಸಬೇಕು.