ಗಡಿ ದಾಟಿದ ದಾವೀದ

ಹಳೆಯ ಕಥೆಗೆ ಹೊಸ ಅಂಗಿ ತೊಡಿಸುವುದು ನಮಗೆ ಹೊಸತಲ್ಲ. ಕ್ರಿ.ಶ. 941ರಲ್ಲಿ ಪಂಪನು ವ್ಯಾಸರ ಭಾರತವನ್ನು ಕನ್ನಡಕ್ಕೆ ತಂದಾಗ ತನ್ನ ಒಡೆಯನಾದ ವೇಮುಲವಾಡದ ಚಾಳುಕ್ಯ ಅರಿಕೇಸರಿಯನ್ನೇ ಅರ್ಜುನನನ್ನಾಗಿ ಮಾಡಿದ. ಅದೇ ಶತಮಾನದ ಕೊನೆಯ ಹೊತ್ತಿಗೆ ರನ್ನನು ಸತ್ಯಾಶ್ರಯನಲ್ಲಿ ಭೀಮನನ್ನು ಕಂಡ. ಆದರೆ ಕಾವ್ಯ ಓದಿ ಮುಗಿಸಿದವರ ಮನಸ್ಸಿನಲ್ಲಿ ನಿಲ್ಲುವವನು ಸೋತ ದುರ್ಯೋಧನ. ನಮ್ಮ ಕಾಸರಗೋಡಿನ ಕಡೆಯ ತಾಳಮದ್ದಳೆಯಲ್ಲಿಯೂ ಇದೇ ನಡೆಯುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ವಾಲಿಯ ಬಾಯಿಯಿಂದ ರಾಮನನ್ನು ಪ್ರಶ್ನಿಸುವಾಗ ಕೇಳುವವರಿಗೆ ಕಿಷ್ಕಿಂಧೆಯೂ ಕಾಣುತ್ತಿತ್ತು, ತಮ್ಮ ಕಾಲದ ರಾಜಕೀಯವೂ ಕಾಣುತ್ತಿತ್ತು. ಪ್ರಸಂಗ ಹಳೆಯದು, ಅರ್ಥ ಹೊಸತು.

ಈ ಕಣ್ಣಿನಿಂದಲೇ ನಾನು ಒಂದು ಅಮೆರಿಕನ್ ದೂರದರ್ಶನ ಧಾರಾವಾಹಿಯನ್ನು ಇಲ್ಲಿ ನೋಡಹೊರಟಿದ್ದೇನೆ. ಅದರ ಹೆಸರು 'ಕಿಂಗ್ಸ್', ಅಂದರೆ ಅರಸರು. ಮೈಕೆಲ್ ಗ್ರೀನ್ ಎಂಬವರು ರೂಪಿಸಿದ ಈ ಕೃತಿ 2009ರ ಮಾರ್ಚ್ 15ರಂದು ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾಯಿತು. ಅದೇ ವರ್ಷದ ಜುಲೈ 25ಕ್ಕೆ ಮುಗಿದುಹೋಯಿತು. ಭಾನುವಾರದಿಂದ ಶನಿವಾರಕ್ಕೆ ತಳ್ಳಿದರು, ನಡುವೆ ನಿಲ್ಲಿಸಿದರು, ಬೇಸಗೆಯಲ್ಲಿ ಉಳಿದ ಕಂತುಗಳನ್ನು ತೋರಿಸಿ ಕೈತೊಳೆದುಕೊಂಡರು. ಆದರೂ ಅದು ಎತ್ತಿದ ಪ್ರಶ್ನೆ ಅಷ್ಟು ಬೇಗ ಮುಗಿಯುವಂಥದ್ದಲ್ಲ. ಗಡಿನಾಡಿನ ಓದುಗರಾದ ನಮಗಂತೂ ಅದರಲ್ಲಿ ಬೇರೆಯೇ ಒಂದು ಆಸಕ್ತಿ ಇದೆ.

ಮೊದಲು ಮೂಲ ಕಥೆ. ಬೈಬಲಿನ ಒಂದನೆಯ ಸಮುವೇಲ ಗ್ರಂಥದಲ್ಲಿ ಇಸ್ರಾಯೇಲ್ಯರು ಪ್ರವಾದಿ ಸಮುವೇಲನ ಬಳಿಗೆ ಬಂದು, ಇತರ ಜನಾಂಗಗಳಿಗಿರುವಂತೆ ತಮಗೂ ಒಬ್ಬ ಅರಸ ಬೇಕೆಂದು ಕೇಳುತ್ತಾರೆ. ಅರಸನೆಂದರೆ ಏನು ಬೆಲೆ ತೆರಬೇಕೆಂದು ಎಂಟನೆಯ ಅಧ್ಯಾಯದಲ್ಲಿ ಸಮುವೇಲನು ಎಚ್ಚರಿಸುತ್ತಾನೆ: ಮಕ್ಕಳನ್ನು ಸೈನ್ಯಕ್ಕೆ ಎಳೆದುಕೊಳ್ಳುತ್ತಾನೆ, ಹೊಲ ಮತ್ತು ದ್ರಾಕ್ಷಿತೋಟಗಳನ್ನು ಕಿತ್ತುಕೊಂಡು ತನ್ನವರಿಗೆ ಹಂಚುತ್ತಾನೆ, ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ತೆಗೆದುಕೊಳ್ಳುತ್ತಾನೆ. ಜನ ಕೇಳುವುದಿಲ್ಲ. ಬೆನ್ಯಾಮೀನ್ ಕುಲದ ಸೌಲ ಮೊದಲ ಅರಸನಾಗುತ್ತಾನೆ. ಸೆರೆಸಿಕ್ಕ ಅಗಾಗನನ್ನು ಕೊಲ್ಲದೆ ಉಳಿಸಿದ ಕಾರಣಕ್ಕೆ ಅವನು ದೇವರ ಒಲವನ್ನು ಕಳೆದುಕೊಳ್ಳುತ್ತಾನೆ. ಬೆತ್ಲೆಹೇಮಿನ ಕುರಿ ಕಾಯುವ ಹುಡುಗ ದಾವೀದ ಗುಟ್ಟಾಗಿ ಅಭಿಷಿಕ್ತನಾಗುತ್ತಾನೆ, ಗತ್ ಊರಿನ ಗೊಲ್ಯಾತನನ್ನು ಕವಣೆಕಲ್ಲಿನಿಂದ ಬೀಳಿಸುತ್ತಾನೆ, ಅರಮನೆ ಸೇರುತ್ತಾನೆ, ಅರಸನ ಮಗ ಯೋನಾತಾನನ ಗೆಳೆತನವನ್ನೂ ಮಗಳು ಮೀಕಲಳ ಪ್ರೀತಿಯನ್ನೂ ಪಡೆಯುತ್ತಾನೆ, ಕೊನೆಗೆ ಅರಸನ ಹೊಟ್ಟೆಕಿಚ್ಚಿಗೆ ಗುರಿಯಾಗಿ ಓಡಿಹೋಗುತ್ತಾನೆ. ಸೌಲ ಗಿಲ್ಬೋವ ಬೆಟ್ಟದಲ್ಲಿ ಫಿಲಿಷ್ಟಿಯರ ಎದುರು ಸೋತು ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸಾಯುತ್ತಾನೆ.

ಈ ಕಥೆಯನ್ನು ತಮ್ಮ ಕಾಲದ ಮಾತಾಗಿ ಬಳಸಿಕೊಂಡವರು ಪಶ್ಚಿಮದಲ್ಲಿ ಹಿಂದೆಯೂ ಇದ್ದರು. 1681ರಲ್ಲಿ ಇಂಗ್ಲಿಷ್ ಕವಿ ಡ್ರೈಡನ್ ಎರಡನೆಯ ಚಾರ್ಲ್ಸ್ ದೊರೆಯನ್ನು ದಾವೀದನನ್ನಾಗಿಯೂ ಅವನ ಮಗ ಮನ್ಮತ್‌ನನ್ನು ದಂಗೆಯೆದ್ದ ಅಬ್ಷಾಲೋಮನನ್ನಾಗಿಯೂ ಮಾಡಿ ರಾಜಕೀಯ ವಿಡಂಬನೆ ಬರೆದ. 1739ರಲ್ಲಿ ಹ್ಯಾಂಡೆಲ್ ಲಂಡನ್ನಿನಲ್ಲಿ ಸೌಲನ ದುರಂತವನ್ನು ಸಂಗೀತಕ್ಕೆ ಅಳವಡಿಸಿದ. 1984ರಲ್ಲಿ ಜೋಸೆಫ್ ಹೆಲ್ಲರ್ ಮುದಿ ದಾವೀದನ ಬಾಯಲ್ಲೇ ಅವನ ಕಥೆ ಹೇಳಿಸಿದ.

ನಮ್ಮಲ್ಲಿಯೂ ಈ ಬಗೆಯ ಸಾಹಸಗಳು ಬೇರೆ ಬೇರೆ ದಾರಿ ಹಿಡಿದಿವೆ. ಶ್ಯಾಮ್ ಬೆನೆಗಲ್ 1981ರ 'ಕಲಿಯುಗ್' ಚಿತ್ರದಲ್ಲಿ ಕೌರವ ಪಾಂಡವರನ್ನು ಇಬ್ಬರು ಉದ್ಯಮಿಗಳ ಮನೆತನಗಳನ್ನಾಗಿ ಮಾಡಿದರು. ಕನ್ನಡದಲ್ಲಿ ಭೈರಪ್ಪನವರ 'ಪರ್ವ' (1979), ಮಲಯಾಳದಲ್ಲಿ ಎಂ.ಟಿ. ವಾಸುದೇವನ್ ನಾಯರರ 'ರಂಡಾಮೂಳಂ' (1984) ಕಾಲವನ್ನು ಬದಲಿಸದೆ ಪವಾಡವನ್ನು ಮಾತ್ರ ಕಳಚಿ, ಭಾರತದ ಮಂದಿಯನ್ನು ನಮ್ಮಂಥ ಮಂದಿಯಾಗಿ ತೋರಿಸಿದವು. ದೂರದರ್ಶನದಲ್ಲಿ ಮಾತ್ರ ಕಿರೀಟ ಬಿಲ್ಲು ಬಾಣಗಳ ದಾರಿಯೇ ರಾಜಮಾರ್ಗವಾಯಿತು. 1987ರಲ್ಲಿ ಆರಂಭವಾದ ರಾಮಾಯಣವಾಗಲಿ, 1988ರ ಮಹಾಭಾರತವಾಗಲಿ, 1990ರ ದಶಕದ ಆರಂಭದಲ್ಲಿ ಕೇರಳದ ನವೋದಯ ಅಪ್ಪಚ್ಚನ್ ನಿರ್ಮಿಸಿದ ಬೈಬಲ್ ಕಥೆಗಳಾಗಲಿ ಆ ಮಾರ್ಗ ಬಿಟ್ಟು ಕದಲಲಿಲ್ಲ.

'ಕಿಂಗ್ಸ್' ಹಿಡಿದದ್ದು ಮೂರನೆಯ ದಾರಿ. ಅಲ್ಲಿನ ಜಗತ್ತಿನಲ್ಲಿ ಅಮೆರಿಕವಿಲ್ಲ, ಇಸ್ರೇಲ್ ಇಲ್ಲ. ಗಿಲ್ಬೋವ ಎಂಬ ಒಂದು ರಾಜ್ಯ ಇದೆ. ಅದರ ರಾಜಧಾನಿ ಶಿಲೋ, ಗಾಜಿನ ಗೋಪುರಗಳ ನಗರ. ಚಿತ್ರೀಕರಣ ನಡೆದದ್ದು ನ್ಯೂಯಾರ್ಕಿನಲ್ಲಿ. ಮೊಬೈಲ್ ಫೋನು, ಸುದ್ದಿವಾಹಿನಿ, ಪತ್ರಿಕಾಗೋಷ್ಠಿ ಎಲ್ಲವೂ ಉಂಟು, ಸಿಂಹಾಸನವೂ ಉಂಟು. ಇಯಾನ್ ಮೆಕ್‌ಶೇನ್ ಅಭಿನಯಿಸಿದ ಅರಸ ಸೈಲಸ್ ಬೆಂಜಮಿನ್ ಸೌಲನೇ ಸರಿ. ಕುಲದ ಹೆಸರು ಮನೆತನದ ಹೆಸರಾಗಿ ಉಳಿದಿದೆ. ಯೋನಾತಾನ ಜ್ಯಾಕ್ ಆಗಿದ್ದಾನೆ, ಮೀಕಲ ಮಿಶೆಲ್ ಆಗಿದ್ದಾಳೆ, ಪ್ರವಾದಿ ಸಮುವೇಲ ರೆವರೆಂಡ್ ಸಾಮ್ಯುಯೆಲ್ಸ್ ಆಗಿದ್ದಾನೆ. ದಾವೀದನ ಹೆಸರು ಡೇವಿಡ್ ಶೆಫರ್ಡ್. ಕುರುಬನೆಂಬ ಕಸುಬು ಅಡ್ಡಹೆಸರಿನಲ್ಲಿ ಸೇರಿಕೊಂಡಿತು. ಗೊಲ್ಯಾತ ಇಲ್ಲಿ ಮನುಷ್ಯನಲ್ಲ, ಶತ್ರುದೇಶವಾದ ಗತ್‌ನ ಯುದ್ಧಟ್ಯಾಂಕಿನ ಹೆಸರು. ಕಿನ್ನರಿಯ ಬದಲು ಪಿಯಾನೊ. ಅಭಿಷೇಕದ ಎಣ್ಣೆಯ ಬದಲು ಚಿಟ್ಟೆಗಳು: ಹಿಂದೊಮ್ಮೆ ಸೈಲಸನ ತಲೆಯ ಮೇಲೆ ಕಿರೀಟದಂತೆ ಕುಳಿತಿದ್ದ ಚಿಟ್ಟೆಗಳು ಮೊದಲ ಕಂತಿನ ಕೊನೆಯಲ್ಲಿ ಡೇವಿಡನ ತಲೆಯ ಮೇಲೆ ಇಳಿಯುತ್ತವೆ. ಅರಸ ಅದನ್ನು ಕಣ್ಣಾರೆ ಕಾಣುತ್ತಾನೆ.

ಹೆಸರುಗಳ ಆಯ್ಕೆಯನ್ನು ನಾನು ಬರಿಯ ಅಲಂಕಾರವೆಂದು ತಿಳಿಯುವುದಿಲ್ಲ. ಗಿಲ್ಬೋವ ಸೌಲ ಸತ್ತ ಬೆಟ್ಟ. ತನ್ನ ರಾಜ್ಯಕ್ಕೆ ಆ ಹೆಸರಿರುವಾಗ ಸೈಲಸನ ಅಂತ್ಯ ಅವನ ಧ್ವಜದ ಕೆಳಗೇ ಬರೆದಿಟ್ಟಂತಾಯಿತು. ಶಿಲೋ ಎಂದರೆ ಬಾಲಕ ಸಮುವೇಲ ಸೇವೆ ಮಾಡುತ್ತಿದ್ದ ದೇವಸನ್ನಿಧಿಯ ಊರು. ಇಲ್ಲಿ ಅದೇ ಹೆಸರಿನಲ್ಲಿ ಹಣ ಮತ್ತು ಅಧಿಕಾರದ ಪೇಟೆ ಎದ್ದಿದೆ. ರಾಣಿಯ ಸಹೋದರ ವಿಲಿಯಂ ಕ್ರಾಸ್ ಒಂದು ದೊಡ್ಡ ಕಂಪೆನಿಯ ಒಡೆಯ. ಯುದ್ಧ ನಡೆದರೆ ಅವನಿಗೆ ಲಾಭ, ನಿಂತರೆ ನಷ್ಟ. ಅರಸನ ಬೊಕ್ಕಸ ಅವನ ಕೈಯಲ್ಲಿ. ಸಮುವೇಲ ಎಂಟನೆಯ ಅಧ್ಯಾಯದಲ್ಲಿ ಕೊಟ್ಟ ಎಚ್ಚರಿಕೆಗೆ ನಮ್ಮ ಕಾಲದ ಟೀಕೆ ಬರೆದರೆ ಹೀಗೆಯೇ ಇದ್ದೀತು. ಹಾಗೆಯೇ, ತಾನು ಸೋಲಿಸಿದ ಹಿಂದಿನ ಅರಸನನ್ನು ಸೈಲಸ್ ಕೊಲ್ಲದೆ ಸೆರೆಯಲ್ಲಿ ಬಚ್ಚಿಟ್ಟಿದ್ದಾನೆ. ಬೈಬಲ್ ಬಲ್ಲವರಿಗೆ ಅಗಾಗ ನೆನಪಾಗದೆ ಇರಲಾರ.

ಇಷ್ಟರಲ್ಲಿಯೇ ನಿಂತಿದ್ದರೆ ಇದೊಂದು ಜಾಣತನದ ಒಗಟಾಗುತ್ತಿತ್ತು. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಸಂಗತಿ. ಗತ್ ಮತ್ತು ಗಿಲ್ಬೋವದ ನಡುವಿನ ಶಾಂತಿಸಂಧಾನ ಒಂದು ಗಡಿಯೂರಿನ ಹತ್ತಿರ ಬಂದು ಸಿಕ್ಕಿಬೀಳುತ್ತದೆ. ಅದರ ಹೆಸರು ಪೋರ್ಟ್ ಪ್ರಾಸ್ಪೆರಿಟಿ, 'ಸಮೃದ್ಧಿಯ ಬಂದರು'. ಸೈಲಸ್ ಶಾಂತಿಗಾಗಿ ಅದನ್ನು ಬಿಟ್ಟುಕೊಡುತ್ತಾನೆ. ಯುದ್ಧ ನಿಲ್ಲುವುದಾದರೆ ಒಂದು ಊರು ಹೋದರೇನು ಎಂಬುದು ರಾಜಧಾನಿಯ ಲೆಕ್ಕ. ಆದರೆ ಆ ಊರಿನಲ್ಲಿ ಮನೆಗಳಿವೆ, ಗೋರಿಗಳಿವೆ. ಅಲ್ಲಿನ ಜನ ಬೀದಿಗಿಳಿಯುತ್ತಾರೆ; ಪ್ರತಿಭಟಿಸುವವರಲ್ಲಿ ಡೇವಿಡನ ಸ್ವಂತ ಅಣ್ಣನೂ ಇದ್ದಾನೆ. ಅರಸನ ನೆಚ್ಚಿನ ವೀರನಾದ ಡೇವಿಡ್ ಯಾವ ಪಕ್ಷದಲ್ಲಿ ನಿಲ್ಲಬೇಕು? ಅರಸನಿಗೆ ಶಾಂತಿ ಬೇಕಾದುದು ನಿಜ. ಊರಿನವರಿಗೆ ನೆಲ ಬೇಕಾದುದೂ ನಿಜ. ಧಾರಾವಾಹಿ ಇಬ್ಬರಲ್ಲಿ ಯಾರನ್ನೂ ದುಷ್ಟರನ್ನಾಗಿ ಮಾಡುವುದಿಲ್ಲ.

ಕಾಸರಗೋಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರೆಯಾಗಿ ಈ ತಾಲೂಕು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳಂಥವರು ಆ ನೋವನ್ನು ಬದುಕಿನುದ್ದಕ್ಕೂ ಹೊತ್ತರು. ಆದರೂ ಹೋಲಿಕೆಯನ್ನು ಅತಿಯಾಗಿ ಎಳೆಯುವುದು ಸಲ್ಲ. ಇಲ್ಲಿ ನೆಲ ಹೋದದ್ದು ಶತ್ರುವಿಗಲ್ಲ. ಒಂದೇ ಸಂವಿಧಾನದ ಕೆಳಗೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ. ಮಲಯಾಳ ಮಾತನಾಡುವವರು ನಮ್ಮ ಪಾಲಿಗೆ ಗತ್ ಊರಿನವರಲ್ಲ, ಪಕ್ಕದ ಮನೆಯವರು. ಹೋಲಿಕೆ ಉಳಿಯುವುದು ಒಂದೇ ಕಡೆ: ಗೆರೆ ಎಳೆಯುವವರು ದೂರದ ಪಟ್ಟಣದಲ್ಲಿ ಕುಳಿತಿರುತ್ತಾರೆ, ಆ ಗೆರೆಯ ಮೇಲೆ ಬದುಕುವವರು ಬೇರೆಯವರು.

ಮೂಲಕ್ಕೆ ಹಿಂದಿರುಗಿ ನೋಡಿದರೆ ದಾವೀದನ ಕಥೆ ಮೊದಲಿನಿಂದಲೂ ಗಡಿಯ ಕಥೆಯೇ. ಗೊಲ್ಯಾತನ ಕಾಳಗ ನಡೆದ ಏಲಾ ತಗ್ಗು ಯೆಹೂದದ ಬೆಟ್ಟಗಳಿಗೂ ಫಿಲಿಷ್ಟಿಯರ ಬಯಲಿಗೂ ನಡುವಣ ಜಾಗ. ಗತ್ ಅದರ ಬಾಯಲ್ಲಿದೆ. ಇಂದಿನ ಟೆಲ್ ಎಸ್ಸಾಫಿ ದಿಬ್ಬವೇ ಅದು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿ 1996ರಿಂದ ನಡೆದ ಉತ್ಖನನದಲ್ಲಿ 2005ರಲ್ಲಿ ಒಂದು ಮಡಕೆಯ ಚೂರು ಸಿಕ್ಕಿತು. ಅದರ ಮೇಲೆ ಗೊಲ್ಯಾತ ಎಂಬ ಹೆಸರಿಗೆ ಹತ್ತಿರದ ಜಾತಿಯ ಎರಡು ಹೆಸರುಗಳಿವೆ. ಅದು ಗೊಲ್ಯಾತನದೇ ಗುರುತು ಎಂದಲ್ಲ. ಆ ಊರಿನಲ್ಲಿ ಅಂಥ ಹೆಸರುಗಳು ರೂಢಿಯಲ್ಲಿದ್ದುವು ಎಂದಷ್ಟೇ. 1993ರಲ್ಲಿ ಟೆಲ್ ದಾನ್‌ನಲ್ಲಿ ದೊರೆತ ಅರಾಮಿಕ್ ಶಾಸನದಲ್ಲಿ 'ದಾವೀದನ ಮನೆತನ' ಎಂಬ ಮಾತಿದೆ ಎಂದು ಹೆಚ್ಚಿನವರು ಓದುತ್ತಾರೆ. ಅದನ್ನು ಕಡೆಸಿದವನೂ ದಾವೀದನ ವಂಶದ ಗೆಳೆಯನಲ್ಲ, ಶತ್ರು ಅರಸ. ಗಡಿಯಾಚೆಯವನ ಕಲ್ಲು ಈಚೆಯವನ ವಂಶಕ್ಕೆ ಸಾಕ್ಷಿಯಾಯಿತು.

ಕಥೆಯೂ ಒಂದೇ ರೂಪದಲ್ಲಿ ಬಂದದ್ದಲ್ಲ. ರೂಢಿಯ ಹೀಬ್ರೂ ಪಾಠದಲ್ಲಿ ಗೊಲ್ಯಾತ ಆರು ಮೊಳ ಒಂದು ಗೇಣು ಎತ್ತರ. ಮೃತ ಸಮುದ್ರದ ಸುರುಳಿಯಲ್ಲಿಯೂ ಹಳೆಯ ಗ್ರೀಕ್ ಅನುವಾದದಲ್ಲಿಯೂ ನಾಲ್ಕು ಮೊಳ ಒಂದು ಗೇಣು. ಎರಡು ಮೊಳ ಬೆಳೆಸಿದವರು ಕಥೆ ಹೇಳಿದವರು. ಎರಡನೆಯ ಸಮುವೇಲದ ಒಂದು ವಾಕ್ಯದಲ್ಲಿ ಗೊಲ್ಯಾತನನ್ನು ಕೊಂದವನು ಎಲ್ಹಾನಾನ್ ಎಂಬ ಬೇರೆಯೇ ಯೋಧ. ಹೀಗಿರುವಾಗ ಹುಡುಗನ ಎದುರಿಗೆ ಟ್ಯಾಂಕನ್ನು ತಂದು ನಿಲ್ಲಿಸಿದವರನ್ನು ಮೂಲ ಕೆಡಿಸಿದರು ಎಂದು ದೂರುವುದು ಕಷ್ಟ. ಮೂಲವೇ ಬೆಳೆಯುತ್ತ ಬಂದದ್ದು.

ಈ ಬೆಳವಣಿಗೆಯಲ್ಲಿ ನಮ್ಮ ಎರಡು ಭಾಷೆಗಳಿಗೂ ಪಾಲಿದೆ. ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1830ರ ದಶಕದ ಆರಂಭಕ್ಕೆ ಬೈಬಲನ್ನು ಕನ್ನಡಕ್ಕೆ ತಂದರು. ಕೋಟ್ಟಯಂನ ಬೆಂಜಮಿನ್ ಬೈಲಿ 1841ಕ್ಕೆ ಮಲಯಾಳಕ್ಕೆ. ಆಮೇಲೆ ಒಂದೇ ಬಾಸೆಲ್ ಮಿಶನ್ನಿನವರಾದ ಮೋಗ್ಲಿಂಗ್ ಮಂಗಳೂರಿನಲ್ಲಿ ಕುಳಿತು ಕನ್ನಡಕ್ಕೂ ಗುಂಡರ್ಟ್ ತಲಶ್ಶೇರಿಯಲ್ಲಿ ಕುಳಿತು ಮಲಯಾಳಕ್ಕೂ ದುಡಿದರು. ಮುಂದೆ ನಮ್ಮ ಮಂಜೇಶ್ವರದ ಗೋವಿಂದ ಪೈಗಳು 'ಗೊಲ್ಗೊಥಾ' ಬರೆದು ಕ್ರಿಸ್ತನ ಕಡೆಯ ದಿನವನ್ನು ಕನ್ನಡ ಕಾವ್ಯವಾಗಿಸಿದರು. ಬೈಬಲಿನ ಕಥೆ ಪರರದೆಂಬ ಭಾವ ಅವರಿಗಿರಲಿಲ್ಲ.

'ಕಿಂಗ್ಸ್' ಏಕೆ ಸೋತಿತು? ಭಕ್ತರಿಗೆ ಅದರಲ್ಲಿ ಭಕ್ತಿ ಸಾಲದು, ಭಕ್ತರಲ್ಲದವರಿಗೆ ದೇವರು ಹೆಚ್ಚು ಎಂಬುದು ನನ್ನ ಎಣಿಕೆ. ಅಲ್ಲಿನ ದೇವರು ರೂಪಕವಲ್ಲ. ಮಳೆಗುಡುಗಿನಲ್ಲಿ ಬಂದು ಅರಸನನ್ನು ಕೈಬಿಡುವ ದೇವರು. ಇನ್ನೊಂದು ಕಾರಣ, ಕಥಾನಾಯಕನಾದ ದಾವೀದನಿಗಿಂತ ಬೀಳುತ್ತಿರುವ ಸೈಲಸನೇ ಮನಸ್ಸನ್ನು ತುಂಬುವುದು. ರನ್ನನನ್ನು ಓದಿದವರಿಗೆ ಅದು ದೋಷವಾಗಿ ಕಾಣದು. ವಾರವಾರವೂ ಗೆಲುವನ್ನು ಬಯಸುವ ಪ್ರೇಕ್ಷಕನಿಗೆ ಕಂಡೀತು. ಆದರೆ ಕಿರೀಟ ತೊಡಿಸಿ ಮೂಲದಂತೆಯೇ ತೋರಿಸಿದವರಿಗೂ ಸುಲಭದ ಜಯ ಸಿಗಲಿಲ್ಲ: ಇದೇ ಸೌಲ ದಾವೀದರ ಕಥೆಯನ್ನು ಹಳೆಯ ವೇಷದಲ್ಲಿ ತೋರಿಸಿದ 'ಆಫ್ ಕಿಂಗ್ಸ್ ಆ್ಯಂಡ್ ಪ್ರಾಫೆಟ್ಸ್' 2016ರಲ್ಲಿ ಎರಡೇ ಕಂತಿಗೆ ನಿಂತಿತು. ವೇಷವೊಂದೇ ಸೋಲಿಗೂ ಗೆಲುವಿಗೂ ಕಾರಣವಲ್ಲ.

ಧಾರಾವಾಹಿಯ ಕೊನೆಯಲ್ಲಿ ಡೇವಿಡ್ ಗಡಿ ದಾಟಿ ಗತ್‌ಗೆ ಹೋಗುತ್ತಾನೆ. ಮೂಲದಲ್ಲಿಯೂ ದಾವೀದ ಗತ್‌ನ ಅರಸ ಆಕೀಷನ ಆಶ್ರಯ ಪಡೆದು, ಅವನಿಂದ ಚಿಕ್ಲಗ್ ಊರನ್ನು ಪಡೆದು, ಶತ್ರುವಿನ ನೆಲದಲ್ಲಿ ಒಂದು ವರ್ಷ ನಾಲ್ಕು ತಿಂಗಳು ಬಾಳಿದ. ಅಲ್ಲಿಂದ ಮುಂದಿನದನ್ನು ಹೇಳಲು ಧಾರಾವಾಹಿಗೆ ಕಂತುಗಳು ಉಳಿಯಲಿಲ್ಲ. ಬೈಬಲು ಮಾತ್ರ ಹೇಳಿದೆ. ವರ್ಷಗಳು ಕಳೆದ ಮೇಲೆ, ಹೆತ್ತ ಮಗ ಅಬ್ಷಾಲೋಮ ದಂಗೆಯೆದ್ದು ಮುದಿ ದಾವೀದ ಯೆರೂಸಲೇಮನ್ನು ಬಿಟ್ಟು ಓಡುವಾಗ ಅವನ ಜೊತೆಗೆ ಆರು ನೂರು ಮಂದಿ ಗತ್ ಊರಿನವರು ನಡೆದರು. ನೀನು ಪರದೇಶದವನು, ನಿನ್ನೆ ಬಂದವನು, ಹಿಂದಿರುಗು ಎಂದು ದಾವೀದ ಅವರ ನಾಯಕ ಇತ್ತೈಗೆ ಹೇಳಿದ. ಸತ್ತರೂ ಬದುಕಿದರೂ ಅರಸನಿದ್ದಲ್ಲಿಯೇ ತಾನು ಎಂದು ಇತ್ತೈ ಉತ್ತರಿಸಿದ. ಸ್ವಂತ ಮಗ ಬಿಟ್ಟುಹೋದ ದಿನ ಜೊತೆ ನಿಂತವನು ಗೊಲ್ಯಾತನ ಊರಿನವನು. ದಾವೀದ ಅವನನ್ನು ತಡೆಯಲಿಲ್ಲ. ಮುಂದೆ ಹೋಗು ಎಂದ. ಇತ್ತೈ ತನ್ನವರನ್ನೂ ಮಕ್ಕಳುಮರಿಗಳನ್ನೂ ಕರೆದುಕೊಂಡು ಕಿದ್ರೋನ್ ಹಳ್ಳವನ್ನು ದಾಟಿದ.