ಗಾಜಿನ ಬಟ್ಟಲು, ಕಂಚಿನ ಶಂಕು, ಕಾಗದದ ಮಡಿಕೆ: ಹಳೆಯ ಪಿಕ್‌ಅಪ್ ಟ್ರಕ್ಕುಗಳ ಜೀರ್ಣೋದ್ಧಾರದಲ್ಲಿ ಕಾಲನಿಷ್ಠ ಪೆಟ್ರೋಲ್ ಫಿಲ್ಟರಿನ ಪ್ರಶ್ನೆ

ಷೆವರ್ಲೆ ಕಂಪನಿಯ ‘ಅಡ್ವಾನ್ಸ್ ಡಿಸೈನ್’ ಟ್ರಕ್ಕುಗಳು 1947ರ ಜೂನ್ 28ರಂದು ಅಮೆರಿಕದ ಮಾರುಕಟ್ಟೆಗೆ ಬಂದವು. 1955ರ ಮಾರ್ಚ್‌ನಲ್ಲಿ ‘ಟಾಸ್ಕ್ ಫೋರ್ಸ್’ ಮಾದರಿ ಬರುವವರೆಗೂ ಚಾಲ್ತಿಯಲ್ಲಿದ್ದವು. ಇಂದು ಆ ದೇಶದಲ್ಲಿ ಹೆಚ್ಚು ಅಕ್ಕರೆಯಿಂದ ಜೀರ್ಣೋದ್ಧಾರಗೊಳ್ಳುವ ಹಳೆಯ ವಾಹನಗಳಲ್ಲಿ ಇವೂ ಸೇರಿವೆ. ಬಣ್ಣದ ಛಾಯೆ, ಸೀಟಿನ ಬಟ್ಟೆ, ಟೈರಿನ ಅಚ್ಚುಗಳಿಗಾಗಿ ತಿಂಗಳುಗಟ್ಟಲೆ ಹುಡುಕುವವರೇ ಬಾನೆಟ್ ಎತ್ತಿದಾಗ ಪೆಟ್ರೋಲ್ ಲೈನಿನ ನಡುವೆ ಪಾರದರ್ಶಕ ಪ್ಲಾಸ್ಟಿಕ್ಕಿನ ಫಿಲ್ಟರೊಂದನ್ನು ಸಿಕ್ಕಿಸಿರುವುದು ಕಾಣುತ್ತದೆ. ಫಿಲ್ಟರು ಕಾಲಕ್ಕೆ ತಕ್ಕದ್ದೇ ಎಂಬುದನ್ನು ಅದರ ರೂಪದಿಂದ ನಿರ್ಧರಿಸಲಾಗದು. ಲೈನಿನಲ್ಲಿ ಅದು ಕುಳಿತ ಜಾಗ ಮತ್ತು ಕೆಲಸ ಮಾಡುವ ತತ್ತ್ವ, ಇವೆರಡರಿಂದಲೇ ನಿರ್ಧರಿಸಬೇಕು ಎಂಬುದು ಈ ಲೇಖನದ ವಾದ.

ಆ ಕಾಲದ ಟ್ರಕ್ಕುಗಳ ಪೆಟ್ರೋಲ್ ಲೈನಿನಲ್ಲಿದ್ದ ಗಾಜಿನ ಬಟ್ಟಲನ್ನು ಫಿಲ್ಟರು ಎನ್ನುವುದು ರೂಢಿಯಾದರೂ ಅದರ ಮುಖ್ಯ ಕೆಲಸ ಸೋಸುವುದಲ್ಲ, ಗಸಿ ಇಳಿಸುವುದು. ಪೆಟ್ರೋಲಿನ ಸಾಪೇಕ್ಷ ಸಾಂದ್ರತೆ ಸುಮಾರು 0.74, ನೀರಿನದು 1. ಕೊಳವೆಯ ಒಳವ್ಯಾಸ 6 ಮಿ.ಮೀ., ಬಟ್ಟಲಿನದು 50 ಮಿ.ಮೀ. ಎಂದಿಟ್ಟುಕೊಂಡರೆ ಹರಿವಿನ ಅಡ್ಡಕೊಯ್ತ ಸುಮಾರು 70 ಪಟ್ಟು ಹಿಗ್ಗುತ್ತದೆ, ವೇಗ ಅಷ್ಟೇ ಪಟ್ಟು ಕುಗ್ಗುತ್ತದೆ. ನೀರಿನ ಹನಿ, ತುಕ್ಕಿನ ಚೂರು, ಮರಳು ತಳಕ್ಕಿಳಿಯುತ್ತವೆ; ತಿಳಿಯಾದ ಪೆಟ್ರೋಲು ಮೇಲಿನ ಹಿತ್ತಾಳೆ ಜಾಲರಿಯ ಮೂಲಕ ಮುಂದೆ ಹೋಗುತ್ತದೆ. ಜಾಲರಿಯ ಕಣ್ಣು ದೊಡ್ಡದು, ನುಣ್ಣನೆಯ ತುಕ್ಕಿನ ಪುಡಿಯನ್ನು ಅದು ತಡೆಯದು. ಆದರೆ ಚಾಲಕ ಬಾನೆಟ್ ತೆಗೆದ ಕ್ಷಣವೇ ನೀರು ಎಷ್ಟು ನಿಂತಿದೆ ಎಂದು ಕಣ್ಣಿಗೆ ಬೀಳುತ್ತಿತ್ತು. ತಂತಿಯ ಕೊಂಡಿ ಸಡಿಲಿಸಿ, ಬಟ್ಟಲು ಕಳಚಿ, ತೊಳೆದು, ಬಿರಡೆಯ ವಾಷರನ್ನು ಮತ್ತೆ ಕೂರಿಸಿದರೆ ಕೆಲಸ ಮುಗಿಯಿತು. ಪೇಟೆಯಿಂದ ದೂರದ ಹೊಲದಲ್ಲಿ ದುಡಿಯುವ ಟ್ರಕ್ಕಿಗೆ ಬಿಡಿಭಾಗದ ಅಂಗಡಿಯೇ ಬೇಡದ ಈ ಏರ್ಪಾಡು ಬಹಳ ಜಾಣತನದ್ದು.

ಇದರ ಮೂಲ ಇನ್ನೂ ಹಿಂದಿನದು. ಫೋರ್ಡ್ ಕಂಪನಿ 1925ರಲ್ಲಿ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲೇ ಪಿಕ್‌ಅಪ್ ತೊಟ್ಟಿ ಕೂರಿಸಿ 281 ಡಾಲರಿಗೆ ಮಾರತೊಡಗಿತು. ಅದರಲ್ಲಿ ಪಂಪೇ ಇರಲಿಲ್ಲ. ಸೀಟಿನಡಿಯ ಟ್ಯಾಂಕಿನಿಂದ ಪೆಟ್ರೋಲು ತನ್ನ ಭಾರದಿಂದಲೇ ಕಾರ್ಬೊರೇಟರಿಗೆ ಇಳಿಯಬೇಕಿತ್ತು. ಟ್ಯಾಂಕಿನ ತಳದಲ್ಲಿ ಗಸಿ ಹಿಡಿಯುವ ಲೋಹದ ಗುಂಡಿಯೊಂದಿತ್ತು. ಟ್ಯಾಂಕು ಅರೆಬರೆಯಾಗಿದ್ದಾಗ ಕಡಿದಾದ ಏರನ್ನು ರಿವರ್ಸ್ ಗೇರಿನಲ್ಲಿ ಹತ್ತಿಸುತ್ತಿದ್ದುದು ಪಂಪು ಇಲ್ಲದ ಕಾರಣಕ್ಕೇ. ಮುಂದಿನ ಮಾಡೆಲ್ ಎ ವಾಹನದಲ್ಲಿ (1928–31) ಟ್ಯಾಂಕು ಡ್ಯಾಶ್‌ಬೋರ್ಡಿನ ಮುಂದಕ್ಕೆ, ಎತ್ತರಕ್ಕೆ ಬಂತಾದರೂ ಇಳಿಜಾರಿನ ತತ್ತ್ವ ಬದಲಾಗಲಿಲ್ಲ. ಅರ್ಧ ಮೀಟರ್ ಎತ್ತರದ ಪೆಟ್ರೋಲ್ ಕಂಬ ಕೊಡುವ ಒತ್ತಡ ಚದರ ಅಂಗುಲಕ್ಕೆ ಅರ್ಧ ಪೌಂಡು ಮಾತ್ರ. ಪಂಪಿನ ಒತ್ತಡಕ್ಕೆಂದು ತಯಾರಾದ ಇಂದಿನ ಕಾಗದದ ಫಿಲ್ಟರನ್ನು ಇಂಥ ಲೈನಿಗೆ ಹಾಕಿದರೆ ಏರಿನಲ್ಲಿ ಎಂಜಿನ್ನಿಗೆ ಪೆಟ್ರೋಲು ಸಾಲದೆ ಹೋಗಬಹುದು. ಇಲ್ಲಿ ಕಾಲನಿಷ್ಠೆ ಬರಿಯ ಅಂದದ ವಿಷಯವಲ್ಲ, ಗಾಡಿ ಓಡುವ ವಿಷಯ.

ಕ್ಯಾಮ್ ಶಾಫ್ಟಿನಿಂದ ನಡೆಯುವ ಡಯಾಫ್ರಾಮ್ ಪಂಪು ಬಂದ ಮೇಲೆ ಟ್ಯಾಂಕು ಎಲ್ಲಿದ್ದರೂ ನಡೆಯಿತು. ಮಿಷಿಗನ್ ರಾಜ್ಯದ ಫ್ಲಿಂಟ್‌ನಲ್ಲಿದ್ದ ಎ.ಸಿ. ಕಂಪನಿಯ ಪಂಪುಗಳು ಎಷ್ಟು ಹರಡಿದುವೆಂದರೆ ನಮ್ಮ ಗ್ಯಾರೇಜುಗಳ ಮೇಸ್ತ್ರಿಗಳು ಯಾರು ಮಾಡಿದ ಪಂಪನ್ನೂ ‘ಎ.ಸಿ. ಪಂಪು’ ಎಂದೇ ಕರೆದರು. ಈ ಪಂಪುಗಳ ಹಲವು ನಮೂನೆಗಳಲ್ಲಿ ಗಾಜಿನ ಬಟ್ಟಲು ಪಂಪಿನ ದೇಹಕ್ಕೇ ಸೇರಿಕೊಂಡಿತ್ತು. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ಪಂಪಿನ ಜೊತೆಗೆ, ಎಂಜಿನ್ ಕೋಣೆಯ ಹಿಂಗೋಡೆಯ ಮೇಲೆ, ತೆಳು ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದ ಫಿಲ್ಟರೂ ಇತ್ತು. ಬಿಲ್ಲೆಗಳ ನಡುವಿನ ಕಿರುಸಂದಿಯೇ ಅಲ್ಲಿ ಜರಡಿ.

ಷೆವರ್ಲೆ ಟ್ರಕ್ಕಿನ ಪೆಟ್ರೋಲ್ ಟ್ಯಾಂಕು 1949ರಲ್ಲಿ ಕ್ಯಾಬಿನ್ನಿನೊಳಗೆ, ಸೀಟಿನ ಬೆನ್ನಿಗೆ ಬಂದು 1972ರವರೆಗೂ ಅಲ್ಲೇ ಉಳಿಯಿತು. ಜೀರ್ಣೋದ್ಧಾರಕರು ಇದನ್ನು ಹಗುರವಾಗಿ ಕಾಣಬಾರದು. ಟ್ಯಾಂಕಿನ ಪೆಟ್ರೋಲ್ ಮಟ್ಟ ಪಂಪಿಗಿಂತ ಮೇಲಿದ್ದಾಗ, ಲೈನು ಮುಚ್ಚದೆ ಬಟ್ಟಲು ಕಳಚಿದರೆ ಪೆಟ್ರೋಲು ಸೈಫನ್ ಆಗಿ ಸುರಿಯುತ್ತಲೇ ಇರುತ್ತದೆ. ವಾಷರು ಒಣಗಿ ಬಿರಿದಿದ್ದರೆ ನಿಂತ ಗಾಡಿಯಲ್ಲೂ ಸೋರಿಕೆ ನಿಲ್ಲದು.

1960ರ ದಶಕದ ಹೊತ್ತಿಗೆ ಫಿಲ್ಟರು ಕಾರ್ಬೊರೇಟರಿನ ಬಾಯಿಗೇ ಸರಿಯಿತು. ರೋಚೆಸ್ಟರ್ ಕಾರ್ಬೊರೇಟರುಗಳ ಒಳದಾರಿಯ ನಟ್ಟಿನ ಹಿಂದೆ, ಕಂಚಿನ ಪುಡಿಯನ್ನು ಕಾಯಿಸಿ ಒತ್ತಿ ಮಾಡಿದ ಪುಟ್ಟ ಶಂಕು, ಅದರ ಬೆನ್ನಿಗೊಂದು ಸ್ಪ್ರಿಂಗು. ಶಂಕು ಪೂರ್ತಿ ಕಟ್ಟಿಕೊಂಡರೆ ಪೆಟ್ರೋಲಿನ ಒತ್ತಡಕ್ಕೆ ಸ್ಪ್ರಿಂಗು ಹಿಂದೆ ಸರಿದು ಸೋಸದ ಪೆಟ್ರೋಲನ್ನೇ ಒಳಬಿಡುತ್ತದೆ. ಗಾಡಿ ನಡುದಾರಿಯಲ್ಲಿ ನಿಲ್ಲುವುದಕ್ಕಿಂತ ಕೊಳಕು ಕುಡಿದಾದರೂ ಮನೆ ಸೇರಲಿ ಎಂಬ ಲೆಕ್ಕಾಚಾರ. ಈ ಸ್ಪ್ರಿಂಗು ಕಳೆದುಹೋದ ಕಾರ್ಬೊರೇಟರಿಗೆ ಹೊಸ ಶಂಕು ಹಾಕಿ ‘ಅಸಲಿ’ ಎನ್ನುವುದು ಅರ್ಧ ಸತ್ಯ. ಕಂಚಿನ ಜಾಗಕ್ಕೆ ಮುಂದೆ ಮಡಿಕೆ ಕಾಗದ ಬಂತು.

ಸಾಕ್ಷ್ಯದ ಮಾತಿಗೆ ಬಂದರೆ, ಉಳಿದುಬಂದ ಟ್ರಕ್ಕೇ ಎಲ್ಲಕ್ಕಿಂತ ದುರ್ಬಲ ಸಾಕ್ಷಿ. ಕಾರುಗಳಂತಲ್ಲದೆ ಇವು ದುಡಿಮೆಯ ಗಾಡಿಗಳು. ಕೈಗೆ ಸಿಕ್ಕ ಭಾಗ ಹಾಕಿ ಓಡಿಸಿದವರೇ ಹೆಚ್ಚು. ಕಂಪನಿಯ ಬಿಡಿಭಾಗಗಳ ಪಟ್ಟಿಯೂ ಎಡವಿಸಬಲ್ಲದು. 1960ರ ದಶಕದ ಪಟ್ಟಿಯಲ್ಲಿ 1950ರ ಟ್ರಕ್ಕಿನ ಮುಂದೆ ನಮೂದಾದ ಸಂಖ್ಯೆ ಹಳೆಯದರ ಬದಲಿಗೆ ಬಂದ ಹೊಸ ಭಾಗದ್ದಾಗಿರಬಹುದು. ಆದ್ದರಿಂದ ಆಯಾ ವರ್ಷದ ಪಟ್ಟಿ, ಅದೇ ವರ್ಷದ ದುರಸ್ತಿ ಕೈಪಿಡಿ, ಭಾಗದ ಮೇಲಿನ ಅಚ್ಚು, ಈ ಮೂರೂ ಹೊಂದಿದರಷ್ಟೇ ನಂಬಬೇಕು. 1935ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಆಂಟೀಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕದ ಅಳತೆಗೋಲು, ವಾಹನವು ವ್ಯಾಪಾರಿಯ ಮಳಿಗೆಯಿಂದ ಹೊರಟಾಗ ಇದ್ದ ಸ್ಥಿತಿ. ಹಾಗಾಗಿ ಆಗ ವ್ಯಾಪಾರಿ ಹಾಕಿಕೊಡುತ್ತಿದ್ದ ಹೆಚ್ಚುವರಿ ಬಟ್ಟಲಿಗೆ, ದಾಖಲೆ ಇದ್ದರೆ, ಮಾನ್ಯತೆಯುಂಟು. ಎರಡು ತುದಿಗೂ ಕ್ರೋಮಿನ ಮುಚ್ಚಳವಿರುವ ಗಾಜಿನ ಕೊಳವೆ ಫಿಲ್ಟರಿನ ಕಥೆ ಬೇರೆ. ನೋಡಲು ಪುರಾತನ, ಆದರೆ 1940ರ ದಶಕದ ಯಾವ ಟ್ರಕ್ಕು ಕಾರ್ಖಾನೆಯೂ ಅದನ್ನು ಹಾಕಿದ್ದಲ್ಲ. ಸೋರಿದರೆ ಕೆಳಗೆ ಕಾದ ಎಂಜಿನ್ನು. ನನ್ನ ಮಟ್ಟಿಗೆ ಅದು ಪ್ಲಾಸ್ಟಿಕ್ಕಿಗಿಂತಲೂ ಕೆಟ್ಟ ಆಯ್ಕೆ.

ಇಷ್ಟೆಲ್ಲ ಸರಿಪಡಿಸಿದರೂ ಟ್ಯಾಂಕಿಗೆ ಬೀಳುವ ಪೆಟ್ರೋಲು 1947ರದ್ದಲ್ಲ. ಇಂದಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ಎಂಬ ಮದ್ಯಸಾರ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ, ಹಾಗಾಗಿ ಬಟ್ಟಲಿನ ತಳದಲ್ಲಿ ನೀರು ಕಾಣುವುದೇ ಇಲ್ಲ. ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಎರಡೂ ಕೂಡಿ ಒಮ್ಮೆಲೇ ತಳಕ್ಕಿಳಿಯುತ್ತವೆ, ಶೇ. 10ರಷ್ಟು ಎಥನಾಲ್ ಇರುವ ಪೆಟ್ರೋಲಿನಲ್ಲಿ ಈ ಮಿತಿ ಸಾಧಾರಣ ಉಷ್ಣತೆಯಲ್ಲಿ ಸುಮಾರು ಶೇ. 0.5 ನೀರು. ಹೀಗೆ, ಕಣ್ಣಿಗೆ ತೋರಿಸಿ ಎಚ್ಚರಿಸುತ್ತಿದ್ದ ಬಟ್ಟಲಿನ ಗುಣವೇ ಕುಂದಿದೆ. ತಳದ ಆ ದ್ರವ ಸತುವಿನ ಎರಕವನ್ನೂ ಸೀಸ-ತವರ ಲೇಪಿಸಿದ ಹಳೆಯ ಟ್ಯಾಂಕನ್ನೂ ತಿನ್ನುತ್ತದೆ. ಬಿರಡೆಯ ವಾಷರು, ಕಾರ್ಬೊರೇಟರಿನ ಬಿರಡೆ ತೇಲುಗಳಿಗೆ ಅಂದು ಹಚ್ಚುತ್ತಿದ್ದ ಅರಗಿನ ಲೇಪವೂ ಮದ್ಯಸಾರದಲ್ಲಿ ಕರಗುವಂಥದ್ದು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದೂ ಅರಗೇ ಆದ್ದರಿಂದ ಈ ಸಂಗತಿಯನ್ನು ನಮ್ಮವರಿಗೆ ವಿವರಿಸಬೇಕಿಲ್ಲ. ಜೊತೆಗೆ, ದಶಕಗಳಿಂದ ಟ್ಯಾಂಕಿಗೆ ಅಂಟಿದ್ದ ಜಿಗುಟನ್ನು ಎಥನಾಲ್ ಸಡಿಲಿಸುತ್ತದೆ. ಅದೆಲ್ಲ ಫಿಲ್ಟರಿಗೇ ಬರುತ್ತದೆ.

ಹಾಗಾದರೆ ಕಾಗದದ ಫಿಲ್ಟರನ್ನು ಎಲ್ಲಾದರೂ ಬಚ್ಚಿಡೋಣವೇ? ಟ್ಯಾಂಕು ಮತ್ತು ಪಂಪಿನ ನಡುವೆ, ಅಂದರೆ ಹೀರುವ ಕಡೆ ಹಾಕಿದರೆ ಅದು ಕಟ್ಟಿಕೊಂಡಂತೆಲ್ಲ ಲೈನಿನ ಒತ್ತಡ ಕುಸಿದು, ಬಿಸಿಲಲ್ಲಿ ಪೆಟ್ರೋಲು ಆವಿಯಾಗಿ ಪಂಪು ಬರಿದೇ ಬಡಿದುಕೊಳ್ಳುತ್ತದೆ. ಪಂಪಿನಿಂದಾಚೆ ಹಾಕಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅಂತರರಾಷ್ಟ್ರೀಯ ಪುರಾತನ ವಾಹನ ಒಕ್ಕೂಟವಾದ ಫಿವಾದ ಟ್ಯುರಿನ್ ಸನ್ನದು ಇಂಥ ಇಕ್ಕಟ್ಟಿಗೆ ಒಳ್ಳೆಯ ದಾರಿ ತೋರುತ್ತದೆ: ಬಳಕೆಗೆ ಅಗತ್ಯವಾದ ಬದಲಾವಣೆ ಕಣ್ಣಿಗೆ ರಾಚಬಾರದು, ಮತ್ತೆ ಕಳಚುವಂತಿರಬೇಕು, ದಾಖಲಾಗಿರಬೇಕು. ಮೊದಲು ಟ್ಯಾಂಕನ್ನೇ ಶುದ್ಧಮಾಡಿ, ಬಟ್ಟಲನ್ನು ಅದರ ಜಾಗದಲ್ಲೇ ಉಳಿಸಿ, ಬಿರಡೆಯ ವಾಷರಿನ ಬದಲು ಎಥನಾಲ್ ತಾಳುವ ರಬ್ಬರಿನದನ್ನು ಹಾಕುವುದು ಸರಿಯಾದ ಕ್ರಮ. ವಾಷರು ಮಾತ್ರ ಹೊಸದು. ಜಾಗವೂ ತತ್ತ್ವವೂ ಹಳೆಯವೇ.

ಇದು ಅಮೆರಿಕದವರ ತಲೆನೋವು ಮಾತ್ರ ಎನ್ನುವಂತಿಲ್ಲ. ಜನರಲ್ ಮೋಟರ್ಸ್ 1928ರಿಂದ 1954ರವರೆಗೆ ಮುಂಬಯಿಯ ಸೇವ್ರಿಯಲ್ಲಿ ಷೆವರ್ಲೆ ವಾಹನಗಳನ್ನು ಜೋಡಿಸುತ್ತಿತ್ತು. ಮಹೀಂದ್ರಾ ಕಂಪನಿ ವಿಲ್ಲೀಸ್ ಜೀಪುಗಳನ್ನು ಜೋಡಿಸಿ ಮಾರಿತು. ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ದೇಶದಲ್ಲಿ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲೇ. ಕರ್ನಾಟಕದಲ್ಲಿ ಹಳೆಯ ಷೆವರ್ಲೆ, ಫಾರ್ಗೊ, ವಿಲ್ಲೀಸ್ ಗಾಡಿಗಳನ್ನು ಇಟ್ಟುಕೊಂಡವರಲ್ಲಿ ಒಂದು ವಿನಂತಿ: ಸೋರುತ್ತದೆಂದು ಗಾಜಿನ ಬಟ್ಟಲನ್ನು ಗುಜರಿಗೆ ಹಾಕುವ ಮೊದಲು ಅದು ಕುಳಿತಿದ್ದ ಜಾಗದ ಫೋಟೊ ತೆಗೆಯಿರಿ, ಅಚ್ಚಾದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಕಳಚಿದ ಭಾಗವನ್ನು ಚೀಟಿ ಕಟ್ಟಿ ಗಾಡಿಯ ಕಾಗದಪತ್ರಗಳ ಜೊತೆಗೇ ಇಡಿ.